ಬಂಡೆ ಹತ್ತುವ ರೇಡಿಯೋ ಟ್ರಕ್ಕು

ಮಕ್ಕಳೇ, ಮಳೆಗಾಲದಲ್ಲಿ ಕೆಸರಿನಲ್ಲಿ ಹೂತುಕೊಂಡ ಲಾರಿಯನ್ನು ನೀವು ನೋಡಿರಬಹುದು. ಚಾಲಕ ಎಂಜಿನ್ನಿನ ವೇಗ ಹೆಚ್ಚಿಸುತ್ತಾನೆ. ಗಾಲಿ ಗಿರಗಿರನೆ ತಿರುಗುತ್ತದೆ. ಕೆಸರು ಹಿಂದಕ್ಕೆ ಚಿಮ್ಮುತ್ತದೆ. ಲಾರಿ ಮಾತ್ರ ಇದ್ದಲ್ಲೇ ಇರುತ್ತದೆ! ಎಂಜಿನ್ನಿಗೆ ಬಲವಿಲ್ಲವೇ? ಇದೆ. ಗಾಲಿ ತಿರುಗುತ್ತಿಲ್ಲವೇ? ತಿರುಗುತ್ತಿದೆ. ಹಾಗಾದರೆ ಲಾರಿ ಮುಂದೆ ಏಕೆ ಹೋಗುವುದಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಪುಟ್ಟ ಗಾಡಿ ನಮಗೆ ನೆರವಾಗುತ್ತದೆ. ಅದು ರೇಡಿಯೋ ಸಂಕೇತದಿಂದ ನಡೆಯುವ ಟ್ರಕ್ಕು. ಓಟದ ಕಾರಿನಂತೆ ರೊಯ್ಯನೆ ಓಡುವುದಿಲ್ಲ. ಆದರೆ ತನ್ನ ಗಾಲಿಗಿಂತ ಎತ್ತರದ ಕಲ್ಲನ್ನೂ ಮೆಲ್ಲಗೆ ಹತ್ತಿ ಇಳಿಯಬಲ್ಲದು. ಇದನ್ನು 'ರಾಕ್ ಕ್ರಾಲರ್' ಎನ್ನುತ್ತಾರೆ. ರಾಕ್ ಎಂದರೆ ಬಂಡೆ, ಕ್ರಾಲ್ ಎಂದರೆ ತೆವಳುವುದು. ಬಂಡೆಯ ಮೇಲೆ ತೆವಳುವ ಗಾಡಿ ಎಂದು ಅರ್ಥ.

ಇಂಥ ಗಾಡಿ ಎಲ್ಲರ ಬಳಿಯೂ ಇರುವುದಿಲ್ಲ. ಅದಕ್ಕಾಗಿ ಚಿಂತೆ ಬೇಡ. ಇದರ ಹಿಂದಿರುವ ವಿಜ್ಞಾನವನ್ನು ಒಂದು ಹಲಗೆ, ಒಂದು ಸೀಮೆಸುಣ್ಣದ ಡಬ್ಬಿ, ಒಂದು ರಬ್ಬರು ಇದ್ದರೆ ತಿಳಿಯಬಹುದು. ಬನ್ನಿ, ನೋಡೋಣ.

ಇದು ಎಲ್ಲಿಂದ ಬಂತು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಿಯೆರಾ ನೆವಾಡ ಪರ್ವತಗಳಲ್ಲಿ 'ರೂಬಿಕಾನ್ ಟ್ರೇಲ್' ಎಂಬ ದಾರಿಯಿದೆ. ಉದ್ದ ಸುಮಾರು 35 ಕಿಲೋಮೀಟರ್. ದಾರಿ ಎಂದರೆ ಡಾಂಬರು ರಸ್ತೆಯಲ್ಲ. ಬಹುಪಾಲು ದೊಡ್ಡ ದೊಡ್ಡ ಕಲ್ಲುಗಳೇ. ಇಲ್ಲಿ ಜೀಪುಗಳನ್ನು ನಡಿಗೆಯ ವೇಗದಲ್ಲಿ, ಒಂದೊಂದೇ ಗಾಲಿಯನ್ನು ಒಂದೊಂದೇ ಕಲ್ಲಿನ ಮೇಲೆ ಇಡುತ್ತಾ ನಡೆಸುತ್ತಾರೆ. ಇದೇ ಹವ್ಯಾಸದ ಪುಟ್ಟ ರೂಪ ನಮ್ಮ ರೇಡಿಯೋ ಟ್ರಕ್ಕು.

ಪುಟ್ಟದು ಎಂದರೆ ಎಷ್ಟು ಪುಟ್ಟದು? ನಕಾಶೆಯಲ್ಲಿ ಅಳತೆಯ ಪ್ರಮಾಣ ಬರೆದಿರುವುದನ್ನು ನೀವು ಸಮಾಜ ವಿಜ್ಞಾನದ ಪಾಠದಲ್ಲಿ ಕಲಿತಿದ್ದೀರಿ. ಇಲ್ಲಿಯೂ ಹಾಗೆಯೇ. 1:10 ಎಂದರೆ ನಿಜವಾದ ಗಾಡಿಯ ಹತ್ತನೇ ಒಂದು ಭಾಗ. 4 ಮೀಟರ್ ಉದ್ದದ ಜೀಪು 40 ಸೆಂಟಿಮೀಟರ್ ಆಗುತ್ತದೆ. 1:24 ಅಳತೆಯಲ್ಲಿ ಅದೇ ಜೀಪು ಸುಮಾರು 17 ಸೆಂಟಿಮೀಟರ್, ಅಂದರೆ ಅಂಗೈಗಿಂತ ಸ್ವಲ್ಪ ಉದ್ದ. ಹೊಸಬರಿಗೆ ಈ ಎರಡು ಅಳತೆಗಳೂ ಒಗ್ಗುತ್ತವೆ. ಚಿಕ್ಕದಾದರೆ ಮನೆಯ ಮೆಟ್ಟಿಲೇ ಬೆಟ್ಟ!

ತಂತಿಯಿಲ್ಲದ ಕಡಿವಾಣ

ಟಿ.ವಿ. ರಿಮೋಟಿನ ಮುಂಭಾಗವನ್ನು ಅಂಗೈಯಿಂದ ಮುಚ್ಚಿ ಗುಂಡಿ ಒತ್ತಿ ನೋಡಿ. ಟಿ.ವಿ. ಸಾಮಾನ್ಯವಾಗಿ ಮಾತು ಕೇಳುವುದಿಲ್ಲ. ಏಕೆಂದರೆ ಅನೇಕ ಟಿ.ವಿ. ರಿಮೋಟುಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಳಸುತ್ತವೆ. ಕೈ ಅಡ್ಡ ಬಂದರೆ ಬೆಳಕು ನಿಂತುಹೋಗುತ್ತದೆ. ನಮ್ಮ ಟ್ರಕ್ಕಿಗೆ ಬೇಕಾದದ್ದು ರೇಡಿಯೋ ತರಂಗ. ಅದಕ್ಕೆ ಕೈ ಅಡ್ಡ ಬಂದರೂ ಗಾಡಿ ಓಡುತ್ತಲೇ ಇರುತ್ತದೆ.

1898ರಲ್ಲಿ ವಿಜ್ಞಾನಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟರು. ದೂರದಲ್ಲಿ ನಿಂತು, ಯಾವ ತಂತಿಯೂ ಇಲ್ಲದೆ ಅದನ್ನು ನಡೆಸಿ ತೋರಿಸಿದರು. ಇಂದಿನ ರೇಡಿಯೋ ಆಟಿಕೆಗಳಿಗೆಲ್ಲ ಅದೇ ಮುತ್ತಜ್ಜ.

ನಿಮ್ಮ ಕೈಯಲ್ಲಿರುವ ಪೆಟ್ಟಿಗೆಗೆ ಪ್ರೇಷಕ ಎಂದು ಹೆಸರು. ಟ್ರಕ್ಕಿನೊಳಗೆ ಇರುವುದು ಗ್ರಾಹಕ. ಇಂದಿನ ಹೆಚ್ಚಿನ ಪ್ರೇಷಕಗಳು 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತವೆ. ಅಂದರೆ ಆ ತರಂಗ ಒಂದು ಸೆಕೆಂಡಿನಲ್ಲಿ 240 ಕೋಟಿ ಬಾರಿ ಕಂಪಿಸುತ್ತದೆ! ಹಳೆಯ ಆಟಿಕೆಗಳಲ್ಲಿ ಒಂದೇ ಆವೃತ್ತಿಯ ಎರಡು ಗಾಡಿಗಳನ್ನು ಒಟ್ಟಿಗೆ ಬಿಟ್ಟರೆ ಒಬ್ಬರ ಪ್ರೇಷಕದ ಮಾತನ್ನು ಇನ್ನೊಬ್ಬರ ಗಾಡಿ ಕೇಳುತ್ತಿತ್ತು. ಈಗ ಪ್ರತಿ ಪ್ರೇಷಕವೂ ತನ್ನದೇ ಗುರುತಿನ ಸಂಖ್ಯೆಯನ್ನು ಕಳಿಸುತ್ತದೆ. ಗ್ರಾಹಕ ತನ್ನ ಜೋಡಿಯ ಮಾತನ್ನಷ್ಟೇ ಕೇಳುತ್ತದೆ.

ಗ್ರಾಹಕದಿಂದ ಸಂಕೇತ ಎರಡು ಕಡೆ ಹೋಗುತ್ತದೆ. ಒಂದು, ಸರ್ವೋ ಎಂಬ ಪುಟ್ಟ ಮೋಟಾರಿಗೆ. ಅದು ಮುಂದಿನ ಗಾಲಿಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತದೆ. ಇನ್ನೊಂದು, ವೇಗ ನಿಯಂತ್ರಕಕ್ಕೆ. ಅದು ಬ್ಯಾಟರಿಯಿಂದ ಮುಖ್ಯ ಮೋಟಾರಿಗೆ ಎಷ್ಟು ವಿದ್ಯುತ್ತು ಹೋಗಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಬಂಡೆ ಹತ್ತುವ ಟ್ರಕ್ಕಿನ ನಿಯಂತ್ರಕಕ್ಕೆ ಇನ್ನೊಂದು ಜಾಣತನವಿದೆ. ನೀವು ಬೆರಳು ತೆಗೆದ ಕೂಡಲೇ ಅದು ಮೋಟಾರನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳುವುದಿಲ್ಲ.

ವೇಗ ಕೊಟ್ಟು ಬಲ ಕೊಳ್ಳುವುದು

ಸೈಕಲ್ಲನ್ನು ಗಮನಿಸಿ. ಪೆಡಲಿನ ಬಳಿ ದೊಡ್ಡ ಹಲ್ಲುಗಾಲಿ, ಹಿಂದಿನ ಗಾಲಿಯಲ್ಲಿ ಚಿಕ್ಕ ಹಲ್ಲುಗಾಲಿ. ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಒಂದಕ್ಕಿಂತ ಹೆಚ್ಚು ಸುತ್ತು ಹಾಕುತ್ತದೆ. ವೇಗ ಸಿಗುತ್ತದೆ. ಆದರೆ ಏರಿನಲ್ಲಿ ತುಳಿಯಲು ಕಾಲು ನೋಯುತ್ತದೆ. ಅಂದರೆ ವೇಗ ಪಡೆಯಲು ಬಲವನ್ನು ಬಿಟ್ಟುಕೊಟ್ಟಿದ್ದೇವೆ.

ಬಂಡೆ ಹತ್ತುವ ಟ್ರಕ್ಕಿನಲ್ಲಿ ಇದು ತಿರುಗುಮುರುಗು. ಮೋಟಾರಿನ ತುದಿಯಲ್ಲಿ ಚಿಕ್ಕ ಹಲ್ಲುಗಾಲಿ. ಅದಕ್ಕೆ ತಾಗಿದಂತೆ ದೊಡ್ಡ ಹಲ್ಲುಗಾಲಿ. ಒಂದು ಲೆಕ್ಕ ಮಾಡೋಣ. ಚಿಕ್ಕದರಲ್ಲಿ 12 ಹಲ್ಲು, ದೊಡ್ಡದರಲ್ಲಿ 60 ಹಲ್ಲು ಇವೆ ಎನ್ನಿ. ಚಿಕ್ಕದು 5 ಸುತ್ತು ಹಾಕಿದರೆ ದೊಡ್ಡದು 1 ಸುತ್ತು. ಗಾಡಿಯೊಳಗಿನ ಉಳಿದ ಹಲ್ಲುಗಾಲಿಗಳು ಇನ್ನೂ 8 ಪಟ್ಟು ವೇಗ ಇಳಿಸುತ್ತವೆ ಎನ್ನೋಣ. ಆಗ ಒಟ್ಟು 5 × 8 = 40. ಮೋಟಾರು 40 ಸುತ್ತು ತಿರುಗಿದರೆ ಗಾಲಿ ಕೇವಲ 1 ಸುತ್ತು!

ಮೋಟಾರು ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಗಾಲಿ 250 ಸುತ್ತು ತಿರುಗುತ್ತದೆ. ಗಾಲಿಯ ವ್ಯಾಸ 10 ಸೆಂಟಿಮೀಟರ್ ಆದರೆ ಸುತ್ತಳತೆ 31.4 ಸೆಂಟಿಮೀಟರ್. ಹಾಗಾದರೆ ಗಾಡಿ ನಿಮಿಷಕ್ಕೆ 78.5 ಮೀಟರ್, ಗಂಟೆಗೆ ಸುಮಾರು 4.7 ಕಿಲೋಮೀಟರ್ ಹೋಗುತ್ತದೆ. ಇದು ನೀವು ಶಾಲೆಗೆ ನಡೆದು ಬರುವ ವೇಗ. ಕಳೆದುಕೊಂಡ ವೇಗಕ್ಕೆ ಬದಲಾಗಿ ಗಾಲಿಯನ್ನು ತಿರುಗಿಸುವ ಬಲ ಸುಮಾರು 40 ಪಟ್ಟು ಹೆಚ್ಚುತ್ತದೆ. ಹಲ್ಲುಗಳ ಉಜ್ಜಾಟದಿಂದ ಸ್ವಲ್ಪ ನಷ್ಟವಾಗುತ್ತದೆ, ಅಷ್ಟೇ.

ಒಂದು ಗಾಲಿ ಗಾಳಿಯಲ್ಲಿದ್ದರೆ?

ಈಗ ಕೆಸರಿನ ಲಾರಿಗೆ ಮರಳೋಣ. ಅದರಲ್ಲಿ ಸಾಮಾನ್ಯವಾಗಿ ಒಂದು ಬದಿಯ ಗಾಲಿ ಮಾತ್ರ ಸುಮ್ಮನೆ ತಿರುಗುತ್ತದೆ. ಇನ್ನೊಂದು ಬದಿಯ ಗಾಲಿ ಗಟ್ಟಿ ನೆಲದ ಮೇಲಿದ್ದರೂ ಅಲುಗಾಡುವುದಿಲ್ಲ. ಇದು ಏಕೆ?

ಬಸ್ಸು, ಲಾರಿ, ಕಾರುಗಳು ತಿರುವಿನಲ್ಲಿ ಹೋಗುವಾಗ ಹೊರಬದಿಯ ಗಾಲಿ ಹೆಚ್ಚು ದೂರ ಸಾಗಬೇಕು. ಒಳಬದಿಯದು ಕಡಿಮೆ. ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವುಗಳ ನಡುವೆ 'ಡಿಫರೆನ್ಷಿಯಲ್' ಎಂಬ ಹಲ್ಲುಗಾಲಿಗಳ ಜೋಡಣೆ ಇರುತ್ತದೆ. ರಸ್ತೆಯಲ್ಲಿ ಇದು ಬಹಳ ಒಳ್ಳೆಯದು. ಆದರೆ ಒಂದು ಗಾಲಿಗೆ ಹಿಡಿತ ತಪ್ಪಿದರೆ ತಿರುಗಾಟವೆಲ್ಲ ಆ ಗಾಲಿಗೇ ಹರಿದುಹೋಗುತ್ತದೆ.

ಬಂಡೆಗಳ ಮೇಲೆ ಒಂದಲ್ಲ ಒಂದು ಗಾಲಿ ಆಗಾಗ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಹೆಚ್ಚಿನ ಕ್ರಾಲರ್ ಟ್ರಕ್ಕುಗಳಲ್ಲಿ ಎಡ ಬಲ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದಿರುತ್ತಾರೆ. ಜೊತೆಗೆ ಮುಂದಿನ ಎರಡು, ಹಿಂದಿನ ಎರಡು, ನಾಲ್ಕೂ ಗಾಲಿಗಳಿಗೆ ಮೋಟಾರಿನ ಬಲ ಹೋಗುತ್ತದೆ. ಒಂದು ಗಾಲಿ ಗಾಳಿಯಲ್ಲಿದ್ದರೂ ಉಳಿದ ಮೂರು ಗಾಡಿಯನ್ನು ತಳ್ಳುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗಾಡಿ ಚಿಕ್ಕ ತಿರುವಿನಲ್ಲಿ ಸುಲಭವಾಗಿ ತಿರುಗುವುದಿಲ್ಲ. ಗಟ್ಟಿ ನೆಲದಲ್ಲಿ ಟೈರು ಉಜ್ಜುತ್ತದೆ.

ಪ್ರಯೋಗ 1: ಯಾವುದು ಮೊದಲು ಜಾರುತ್ತದೆ?

ಬೇಕಾಗುವ ಸಾಮಗ್ರಿ: ಮರದ ಹಲಗೆ, ಒಂದು ನಾಣ್ಯ, ಒಂದು ಸೀಮೆಸುಣ್ಣದ ತುಂಡು, ಪೆನ್ಸಿಲ್ ಅಳಿಸುವ ರಬ್ಬರು, ಅಳತೆಪಟ್ಟಿ.

ವಿಧಾನ: ಮೂರು ವಸ್ತುಗಳನ್ನೂ ಹಲಗೆಯ ಒಂದು ತುದಿಯಲ್ಲಿ ಸಾಲಾಗಿ ಇಡಿ. ಸೀಮೆಸುಣ್ಣ ಉರುಳದಂತೆ ಅದನ್ನು ಉದ್ದಕ್ಕೆ, ಇಳಿಜಾರಿನ ದಿಕ್ಕಿನಲ್ಲಿಯೇ ಇಡಿ. ಆ ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಪ್ರತಿಯೊಂದು ವಸ್ತು ಜಾರತೊಡಗಿದಾಗ ಹಲಗೆಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಗೆಳೆಯರು ಅಳೆದು ಬರೆದುಕೊಳ್ಳಲಿ. ಮೂರು ಬಾರಿ ಮಾಡಿ, ಸರಾಸರಿ ತೆಗೆಯಿರಿ. ಆಮೇಲೆ ಹಲಗೆಯ ಮೇಲೆ ಒಣ ಮಣ್ಣು ಉದುರಿಸಿ ಮತ್ತೆ ಮಾಡಿ.

ರಬ್ಬರು ಕೊನೆಯವರೆಗೂ ಅಂಟಿಕೊಂಡಿರುವುದನ್ನು ನೀವು ಕಾಣಬಹುದು. ಮೆತ್ತನೆಯ ರಬ್ಬರು ಹಲಗೆಯ ಸಣ್ಣ ಸಣ್ಣ ತಗ್ಗುದಿಣ್ಣೆಗಳಿಗೆ ಹೊಂದಿಕೊಂಡು ಕೂರುತ್ತದೆ. ಇದರಿಂದ ಘರ್ಷಣೆ ಹೆಚ್ಚುತ್ತದೆ. ಮಣ್ಣು ಉದುರಿಸಿದಾಗ ಏನಾಯಿತು? ರಬ್ಬರಿಗೂ ಹಲಗೆಗೂ ನಡುವೆ ಮಣ್ಣಿನ ಕಣಗಳು ಸೇರಿಕೊಂಡು ಹಿಡಿತ ತಪ್ಪಿಸಿದವು.

ಇದೇ ಕಾರಣಕ್ಕೆ ಕ್ರಾಲರ್ ಟ್ರಕ್ಕಿನ ಟೈರು ಬಹಳ ಮೆತ್ತಗಿರುತ್ತದೆ. ಅನೇಕ ಟೈರುಗಳ ಒಳಗೆ ಗಾಳಿಯ ಬದಲು ಸ್ಪಂಜು ಇರುತ್ತದೆ. ಕಲ್ಲಿನ ಮೂಲೆಯ ಮೇಲೆ ಟೈರು ಕುಳಿತಾಗ ಅದು ಅದುಮಿಕೊಂಡು ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಆಟ ಮುಗಿದ ಮೇಲೆ ಟೈರಿನ ಮಣ್ಣನ್ನು ಒರೆಸುವುದು ಏಕೆ ಮುಖ್ಯ ಎಂದು ಈಗ ತಿಳಿಯಿತಲ್ಲವೇ?

ಘರ್ಷಣೆಯ ಬಗ್ಗೆ ಇನ್ನೊಂದು ಮಾತು. ಶಾಲೆಯಲ್ಲಿ ಸ್ಪ್ರಿಂಗ್ ತ್ರಾಸು ಇದ್ದರೆ ಅದಕ್ಕೆ ಇಟ್ಟಿಗೆ ಕಟ್ಟಿ ನೆಲದ ಮೇಲೆ ಮೆಲ್ಲಗೆ ಎಳೆಯಿರಿ. ಇಟ್ಟಿಗೆ ಕದಲುವ ಕ್ಷಣಕ್ಕೆ ಸ್ವಲ್ಪ ಮುಂಚೆ ಮುಳ್ಳು ಹೆಚ್ಚು ಬಲ ತೋರಿಸುತ್ತದೆ. ಜಾರತೊಡಗಿದ ಮೇಲೆ ಕಡಿಮೆ ಬಲ ಸಾಕು. ಅಂದರೆ ಜಾರದೆ ನಿಂತಿರುವಾಗಿನ ಸ್ಥಾಯಿ ಘರ್ಷಣೆ ಹೆಚ್ಚು. ಜಾರುವಾಗಿನ ಘರ್ಷಣೆ ಕಡಿಮೆ. ಗಾಲಿ ಮೆಲ್ಲಗೆ ಉರುಳುವಾಗ ಟೈರಿನ ನೆಲಕ್ಕೆ ತಾಗಿದ ಭಾಗ ಜಾರುವುದಿಲ್ಲ. ಅದಕ್ಕೆ ಪೂರ್ಣ ಹಿಡಿತ ಸಿಗುತ್ತದೆ. ಗಾಲಿ ರಭಸದಿಂದ ತಿರುಗಿ ಜಾರಿತೆಂದರೆ ಹಿಡಿತ ಕುಸಿಯುತ್ತದೆ. ಕೆಸರಿನ ಲಾರಿಯ ಒಗಟು ಬಿಡಿಸಿದಂತಾಯಿತು. ಬಂಡೆಯ ಮೇಲೆ ನಿಧಾನವೇ ಏಕೆ ಗೆಲ್ಲುತ್ತದೆ ಎಂಬುದೂ ತಿಳಿಯಿತು.

ಪ್ರಯೋಗ 2: ಭಾರ ಮೇಲಿರಬೇಕೋ ಕೆಳಗಿರಬೇಕೋ?

ಬೇಕಾಗುವ ಸಾಮಗ್ರಿ: ಸೀಮೆಸುಣ್ಣದ ಖಾಲಿ ಡಬ್ಬಿ, ನಿಂಬೆಹಣ್ಣಿನ ಗಾತ್ರದ ಕಲ್ಲು, ಅಂಟುಪಟ್ಟಿ, ಪೆನ್ಸಿಲು, ಹಲಗೆ, ಕೋನಮಾಪಕ.

ವಿಧಾನ: ಹಲಗೆಯ ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಅಂಟಿಸಿ. ಅದಕ್ಕೆ ಒತ್ತಿಕೊಂಡಂತೆ ಡಬ್ಬಿಯನ್ನು ನಿಲ್ಲಿಸಿ. ಪೆನ್ಸಿಲು ಡಬ್ಬಿಯ ಇಳಿಜಾರಿನ ಬದಿಗೆ ಇರಬೇಕು. ಆಗ ಡಬ್ಬಿ ಜಾರುವುದಿಲ್ಲ. ಮೊದಲು ಕಲ್ಲನ್ನು ಡಬ್ಬಿಯ ತಳದಲ್ಲಿ ಅಂಟಿಸಿ, ಹಲಗೆ ಎತ್ತಿ. ಯಾವ ಕೋನದಲ್ಲಿ ಡಬ್ಬಿ ಮಗುಚುತ್ತದೆ ಎಂದು ಅಳೆಯಿರಿ. ನಂತರ ಅದೇ ಕಲ್ಲನ್ನು ಡಬ್ಬಿಯ ಮೇಲ್ತುದಿಗೆ ಅಂಟಿಸಿ ಮತ್ತೆ ಅಳೆಯಿರಿ.

ಕಲ್ಲು ಮೇಲಿದ್ದಾಗ ಡಬ್ಬಿ ಬೇಗ ಮಗುಚುತ್ತದೆ. ಪ್ರತಿ ವಸ್ತುವಿನ ತೂಕವೆಲ್ಲ ಒಂದು ಬಿಂದುವಿನಲ್ಲಿ ಇರುವಂತೆ ವರ್ತಿಸುತ್ತದೆ. ಅದು ಗುರುತ್ವ ಕೇಂದ್ರ. ಅಲ್ಲಿಂದ ನೇರ ಕೆಳಕ್ಕೆ ಎಳೆದ ಗೆರೆ ಗಾಲಿಗಳ ನಡುವೆಯೇ ಬಿದ್ದರೆ ಗಾಡಿ ನಿಲ್ಲುತ್ತದೆ. ಗಾಲಿಗಳ ಆಚೆಗೆ ಬಿದ್ದರೆ ಮಗುಚುತ್ತದೆ.

ಇದನ್ನು ಕಾಗದದ ಮೇಲೆ ಬರೆದೂ ನೋಡಬಹುದು. ಗಾಲಿಗಳ ಹೊರ ಅಂಚುಗಳ ನಡುವೆ 20 ಸೆಂಟಿಮೀಟರ್ ಅಗಲವಿರುವ ಟ್ರಕ್ಕಿನ ಗುರುತ್ವ ಕೇಂದ್ರ ನೆಲದಿಂದ 8 ಸೆಂಟಿಮೀಟರ್ ಮೇಲಿದ್ದರೆ ಅದು ಪಕ್ಕಕ್ಕೆ ಸುಮಾರು 51 ಡಿಗ್ರಿ ವಾಲುವವರೆಗೂ ಮಗುಚುವುದಿಲ್ಲ. ಕೇಂದ್ರ 16 ಸೆಂಟಿಮೀಟರ್ ಮೇಲೇರಿದರೆ 32 ಡಿಗ್ರಿಗೇ ಮಗುಚುತ್ತದೆ. ಅದಕ್ಕಾಗಿಯೇ ಬ್ಯಾಟರಿಯನ್ನು ಆದಷ್ಟು ಕೆಳಗೆ ಇಡುತ್ತಾರೆ. ಏರುವಾಗ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಮೂತಿ ಮೇಲೇಳುತ್ತದೆ. ಆದ್ದರಿಂದ ಬ್ಯಾಟರಿಯನ್ನು ಮುಂಭಾಗಕ್ಕೆ ಇಡುವುದೂ ಉಂಟು.

ಬ್ಯಾಟರಿ: ಜೋಪಾನ!

ಟ್ರಕ್ಕಿಗೆ ನಿಕಲ್ ಲೋಹದ ಬ್ಯಾಟರಿ ಅಥವಾ ಲಿಥಿಯಂ ಬ್ಯಾಟರಿ ಬಳಸುತ್ತಾರೆ. 2000 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ ಏನರ್ಥ? ಟ್ರಕ್ಕು ಸರಾಸರಿ 2000 ಮಿಲಿಆಂಪಿಯರ್ ವಿದ್ಯುತ್ತು ಬಳಸಿದರೆ ಸುಮಾರು ಒಂದು ಗಂಟೆ ನಡೆಯುತ್ತದೆ; 1000 ಬಳಸಿದರೆ ಸುಮಾರು ಎರಡು ಗಂಟೆ. ನಿಧಾನವಾಗಿ ನಡೆಸಿದರೆ ಹೆಚ್ಚು ಹೊತ್ತು ಆಡಬಹುದು.

ಲಿಥಿಯಂ ಬ್ಯಾಟರಿ ಚಿಕ್ಕದಾದರೂ ಅದರಲ್ಲಿ ಬಹಳ ಶಕ್ತಿ ಅಡಗಿರುತ್ತದೆ. ಒಳಗೆ ಹಾನಿಯಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಈ ನಿಯಮಗಳನ್ನು ಮರೆಯಬೇಡಿ:

• ಹಿರಿಯರು ಜೊತೆಯಲ್ಲಿದ್ದಾಗ ಮಾತ್ರ ಚಾರ್ಜ್ ಮಾಡಿ. ಆ ಬ್ಯಾಟರಿಗೆಂದೇ ಇರುವ ಚಾರ್ಜರನ್ನೇ ಬಳಸಿ.
• ಚಾರ್ಜ್ ಆಗುವಾಗ ಬಿಟ್ಟು ಹೋಗಬೇಡಿ, ಮಲಗಬೇಡಿ.
• ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿ. ಚುಚ್ಚಬೇಡಿ, ಕತ್ತರಿಸಬೇಡಿ, ಒಲೆಗೆ ಎಸೆಯಬೇಡಿ. ಹಿರಿಯರಿಗೆ ತಿಳಿಸಿ. ಹಳೆಯ ಮೊಬೈಲಿನ ಉಬ್ಬಿದ ಬ್ಯಾಟರಿಗೂ ಇದೇ ನಿಯಮ.
• ಆಟವಾದ ಮೇಲೆ ಬ್ಯಾಟರಿ ಬಿಸಿಯಾಗಿದ್ದರೆ ಪೂರ್ತಿ ತಣಿಯುವವರೆಗೆ ಕಾಯಿರಿ.

ಮೊದಲ ದಿನದ ಓಟ

1. ಮೊದಲು ಪ್ರೇಷಕದ ಸ್ವಿಚ್ಚು ಹಾಕಿ, ನಂತರ ಟ್ರಕ್ಕಿನದು. ಆರಿಸುವಾಗ ಮೊದಲು ಟ್ರಕ್ಕು, ನಂತರ ಪ್ರೇಷಕ. ಏಕೆ ಗೊತ್ತೇ? ಹೇಳುವವರಿಲ್ಲದಿದ್ದರೆ ಗಾಡಿ ತನ್ನಷ್ಟಕ್ಕೆ ಹೊರಡುವ ಸಾಧ್ಯತೆ ಇರುತ್ತದೆ.

2. ಸಮತಟ್ಟು ನೆಲದಲ್ಲಿ ಮುಂದೆ, ಹಿಂದೆ, ಎಡ, ಬಲ ನಡೆಸಿ. ಗಾಡಿ ನಿಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲಾದಂತೆ ಕಾಣುತ್ತದೆ. ಇದು ರೂಢಿಯಾಗಲಿ.

3. ಇಟ್ಟಿಗೆ, ಹೆಂಚು, ಮರದ ತುಂಡುಗಳಿಂದ ಒಂದು ಪುಟ್ಟ ಬೆಟ್ಟ ಮಾಡಿ. ಹೊರಡುವ ಮುಂಚೆ ಕುಕ್ಕರಗಾಲಲ್ಲಿ ಕುಳಿತು ಟ್ರಕ್ಕಿನ ಎತ್ತರದಿಂದಲೇ ದಾರಿ ನೋಡಿ.

4. ಕಲ್ಲಿಗೆ ಸ್ವಲ್ಪ ಓರೆಯಾಗಿ ಹೋಗಿ. ಒಂದು ಗಾಲಿ ಹತ್ತಿದ ಮೇಲೆ ಇನ್ನೊಂದು ಹತ್ತಲಿ.

5. ಎತ್ತರದ ಕಲ್ಲನ್ನು ಎರಡು ಗಾಲಿಗಳ ನಡುವೆ ಬಿಟ್ಟುಕೊಳ್ಳಬೇಡಿ. ಹೊಟ್ಟೆ ತಾಗಿ ಗಾಡಿ ಸಿಕ್ಕಿಕೊಳ್ಳುತ್ತದೆ. ಗಾಲಿಯನ್ನೇ ಕಲ್ಲಿನ ಮೇಲೆ ಇಡಿ.

6. ಗಾಲಿ ಸುಮ್ಮನೆ ತಿರುಗುತ್ತಿದ್ದರೆ ನಿಲ್ಲಿಸಿ. ಹಿಂದೆ ಬನ್ನಿ. ಬೇರೆ ದಾರಿ ಹಿಡಿಯಿರಿ. ಗಾಡಿ ಸಿಕ್ಕಿಕೊಂಡಾಗ ಬಲವಂತ ಮಾಡಿದರೆ ಮೋಟಾರು ಕಾದು ಸುಡಬಹುದು.

7. ರಸ್ತೆ, ಬಾವಿ, ಕೆರೆಯ ದಂಡೆಯಿಂದ ದೂರ ಆಡಿ. ನಿಮ್ಮ ಕಣ್ಣು ಗಾಡಿಯ ಮೇಲಿರುತ್ತದೆ. ಕಾಲಕೆಳಗಿನ ನೆಲದ ಮೇಲಿರುವುದಿಲ್ಲ!

ಕೈಗೆ ಸಿಗದ ಗಾಡಿ

ನಮ್ಮ ಟ್ರಕ್ಕು ಮಗುಚಿದರೆ ಎತ್ತಿ ನಿಲ್ಲಿಸಬಹುದು. ಎತ್ತಿ ನಿಲ್ಲಿಸುವವರೇ ಇಲ್ಲದ ಕಡೆ?

1970ರಲ್ಲಿ ಸೋವಿಯತ್ ಒಕ್ಕೂಟ 'ಲೂನೊಖೋದ್ 1' ಎಂಬ ಎಂಟು ಗಾಲಿಯ ಗಾಡಿಯನ್ನು ಚಂದ್ರನ ಮೇಲೆ ಇಳಿಸಿತು. ಭೂಮಿಯಲ್ಲಿ ಕುಳಿತ ಚಾಲಕರು ಅದನ್ನು ರೇಡಿಯೋ ಸಂಕೇತದಿಂದ ಸುಮಾರು 10 ಕಿಲೋಮೀಟರ್ ನಡೆಸಿದರು. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ. ರೇಡಿಯೋ ಸಂಕೇತ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್ ಸಾಗಿದರೂ ಅಲ್ಲಿಗೆ ಹೋಗಲು ಸುಮಾರು 1.3 ಸೆಕೆಂಡು ಬೇಕು. ಚಿತ್ರ ಮರಳಿ ಬರಲು ಮತ್ತೆ ಅಷ್ಟೇ. ಅಂದರೆ ಚಾಲಕರಿಗೆ ಗುಂಡಿ ಕಂಡಾಗ ಗಾಡಿ ಅದಾಗಲೇ ಅದರತ್ತ ಸರಿದಿರುತ್ತದೆ! ಮಂಗಳ ಗ್ರಹವಾದರೆ ಸಂಕೇತ ತಲುಪಲು ಕನಿಷ್ಠ 3 ನಿಮಿಷ, ಕೆಲವೊಮ್ಮೆ 20 ನಿಮಿಷಕ್ಕೂ ಹೆಚ್ಚು ಬೇಕು. ಅಲ್ಲಿ ಹೀಗೆ ಕೈಯಲ್ಲಿ ಹಿಡಿದು ನಡೆಸುವುದು ಸಾಧ್ಯವೇ ಇಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಮೊದಲೇ ಕಳಿಸುತ್ತಾರೆ.

2012ರಲ್ಲಿ ಮಂಗಳದಲ್ಲಿ ಇಳಿದ 'ಕ್ಯೂರಿಯಾಸಿಟಿ' ಗಾಡಿಯ ಅಲ್ಯೂಮಿನಿಯಂ ಗಾಲಿಗಳಲ್ಲಿ ಮರುವರ್ಷವೇ ತೂತುಗಳು ಕಂಡವು. ಚೂಪು ಕಲ್ಲುಗಳೇ ಕಾರಣ. ಗಾಲಿ ಬದಲಿಸಲು ಅಲ್ಲಿ ಯಾರೂ ಇಲ್ಲ. ಆದ್ದರಿಂದ ವಿಜ್ಞಾನಿಗಳು ಚೂಪು ಕಲ್ಲುಗಳನ್ನು ತಪ್ಪಿಸುವ ದಾರಿಗಳನ್ನು ಆರಿಸತೊಡಗಿದರು.

ನಮ್ಮ ಇಸ್ರೋ ಸಂಸ್ಥೆಯ ಚಂದ್ರಯಾನ-3 ನೌಕೆ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಅದರಿಂದ ಹೊರಬಂದ 'ಪ್ರಗ್ಯಾನ್' ಗಾಡಿಯ ತೂಕ 26 ಕಿಲೋಗ್ರಾಂ. ಆರು ಗಾಲಿಗಳು. ವೇಗ ಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್, ಇರುವೆಯ ನಡಿಗೆಯಷ್ಟು! ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಹೊರಟ ಆಜ್ಞೆ ಲ್ಯಾಂಡರಿಗೆ ಹೋಗಿ, ಅಲ್ಲಿಂದ ಪ್ರಗ್ಯಾನನ್ನು ಸೇರುತ್ತಿತ್ತು. ಆಗಸ್ಟ್ 27ರಂದು ಅದರ ಮುಂದೆ 3 ಮೀಟರ್ ದೂರದಲ್ಲಿ 4 ಮೀಟರ್ ಅಗಲದ ಗುಂಡಿ ಕಂಡಿತು. ವಿಜ್ಞಾನಿಗಳು ಏನು ಮಾಡಿದರು? ಬಂದ ದಾರಿಯಲ್ಲೇ ಹಿಂದಕ್ಕೆ ಬರುವಂತೆ ಆಜ್ಞೆ ಕಳಿಸಿದರು. ಬೇರೆ ದಾರಿ ಹಿಡಿದ ಪ್ರಗ್ಯಾನ್ ಚಂದ್ರನ ಹಗಲು ಮುಗಿಯುವುದರೊಳಗೆ 100 ಮೀಟರಿಗೂ ಹೆಚ್ಚು ದೂರ ಸಾಗಿ ತನ್ನ ಕೆಲಸ ಪೂರೈಸಿತು.

ಮೇಲಿನ ಆರನೆಯ ನಿಯಮವನ್ನು ಇನ್ನೊಮ್ಮೆ ಓದಿ. ಚಂದ್ರನ ಮೇಲೂ ಅದೇ ನಿಯಮ!

ಯೋಚಿಸಿ, ಉತ್ತರಿಸಿ

1. ಚಿಕ್ಕ ಹಲ್ಲುಗಾಲಿಯಲ್ಲಿ 10 ಹಲ್ಲು, ದೊಡ್ಡದರಲ್ಲಿ 50 ಹಲ್ಲು. ಚಿಕ್ಕದು 100 ಸುತ್ತು ತಿರುಗಿದರೆ ದೊಡ್ಡದು ಎಷ್ಟು ಸುತ್ತು?
2. 1:10 ಅಳತೆಯ ಟ್ರಕ್ಕಿನ ಉದ್ದ 45 ಸೆಂಟಿಮೀಟರ್. ನಿಜವಾದ ಟ್ರಕ್ಕಿನ ಉದ್ದವೆಷ್ಟು?
3. ಬಂಡೆಯಿಂದ ಇಳಿಯುವಾಗ ಯಾವ ಗಾಲಿಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ?
4. ನಿಮ್ಮ ಊರಿನಲ್ಲಿ ಹುಲ್ಲು ಹೇರಿದ ಗಾಡಿ ತಿರುವಿನಲ್ಲಿ ವಾಲುವುದೇಕೆ? ಪ್ರಯೋಗ 2ರ ಸಹಾಯದಿಂದ ವಿವರಿಸಿ.

ಉತ್ತರ: 1) 20 ಸುತ್ತು. 2) 4.5 ಮೀಟರ್. 3) ಮುಂದಿನ ಗಾಲಿಗಳ ಮೇಲೆ. 4) ಇದನ್ನು ತರಗತಿಯಲ್ಲಿ ಚರ್ಚಿಸಿ, ನಿಮ್ಮ ಗುರುಗಳಿಗೆ ತೋರಿಸಿ.